ಹಳೆಯ ಜಿಪ್ಸಿಗೆ ಕಾರ್ಬ್ಯುರೇಟರ್ ಬಲ್ಲ ಮೆಕ್ಯಾನಿಕ್ ಬೇಕು (ಪುಣೆ)

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ನನ್ನ ಬಳಿ 1998ರ ಮಾರುತಿ ಜಿಪ್ಸಿ ಕಿಂಗ್ ಇದ್ದು, ಕೋಥರೂಡಿನಿಂದ ಹಿಂಜೇವಾಡಿಯ ಕಚೇರಿಗೆ ದಿನವೂ ಅದರಲ್ಲೇ ಹೋಗಿಬರುತ್ತೇನೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿ, ಟ್ರಾಫಿಕ್ಕಿನಲ್ಲಿ ಬಿಸಿಯೇರಿದ ಮೇಲೆ ಐಡ್ಲಿಂಗ್ (ಗಾಡಿ ನಿಂತಾಗಲೂ ಎಂಜಿನ್ ನಿಧಾನವಾಗಿ ಓಡುತ್ತಿರುವುದು) ಹಿಡಿಯದೆ ಆಫ್ ಆಗುತ್ತಿದೆ. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿದರೆ ಸಣ್ಣ ಬಿರುಕುಗಳು ಕಾಣುತ್ತವೆ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುವುದರಿಂದ, ಅದನ್ನು ತಾಳುವ ಪೈಪುಗಳನ್ನೂ 1.3 ಲೀಟರ್ ಎಂಜಿನ್ನಿನ ಕಾರ್ಬ್ಯುರೇಟರ್ ರಿಪೇರಿ ಕಿಟ್ಟನ್ನೂ ಹುಡುಕುತ್ತಿದ್ದೇನೆ. ಪುಣೆಯ ‘ನಾನಾ ಪೇಠ್’ ಪ್ರದೇಶದಲ್ಲಿ ಇವು ಸಿಗುವ ಅಂಗಡಿಯನ್ನು, ಟ್ಯೂನಿಂಗ್ ನಿಜವಾಗಿ ಬಲ್ಲ ಮೆಕ್ಯಾನಿಕ್ ಇರುವ ಗ್ಯಾರೇಜನ್ನು ಬಲ್ಲವರು ದಯವಿಟ್ಟು ತಿಳಿಸಿ. ಮಾರಿಬಿಡುವ ಸಲಹೆ ಬೇಡ. ಈ ಗಾಡಿಯನ್ನು ಓಡಿಸುತ್ತಲೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ.