ಇರುವೆ ಕಚ್ಚಿದ ಹಾಗೆ, ಅಷ್ಟೇ

ರಾತ್ರಿ ಪಾಳಿ ಮುಗಿಸಿದವರೂ ಬೆಳಗಿನ ಪಾಳಿಗೆ ಬಂದವರೂ ಒಟ್ಟಿಗೆ ಸಿಗೋದು ಹತ್ತೇ ನಿಮಿಷ. ಅವತ್ತು ವಿಶ್ರಾಂತಿ ಕೋಣೆಯ ಗೋಡೆಯಲ್ಲಿ ಫ್ಲೂ ಲಸಿಕೆಯ ಪಟ್ಟಿ ತೂಗಾಡುತ್ತಿತ್ತು. ನಲವತ್ತು ಗೆರೆ, ಮೂರು ಹೆಸರು. ಅದರಲ್ಲೂ ಒಂದು, ಪೆನ್ನು ಬರೆಯುತ್ತಾ ಅಂತ ಯಾರೋ ಪರೀಕ್ಷೆ ಮಾಡಿದ ಗೀಚು.

“ಏನಪ್ಪ ಸೀನು, ನಿನ್ನ ಹೆಸರು ಕಾಣಿಸ್ತಿಲ್ಲ?” ಗಿರಿಜಾ ಸಿಸ್ಟರ್ ಶುರು ಹಚ್ಚಿಕೊಂಡರು.

“ಹತ್ತು ವರ್ಷದಿಂದ ನಂಗೆ ಫ್ಲೂನೇ ಬಂದಿಲ್ಲ ಸಿಸ್ಟರ್.”

“ಬಂದಿದ್ರೂ ಗೊತ್ತಾಗಿರಲ್ಲ. ಲಕ್ಷಣವೇ ಇಲ್ಲದೆ ಬಂದು ಹೋಗೋದೂ ಉಂಟು. ಲಕ್ಷಣ ಬಂದ್ರೂ, ಅದಕ್ಕೆ ಒಂದು ದಿನ ಮೊದಲೇ ಹಂಚೋಕೆ ಶುರು ಮಾಡಿರ್ತೀಯ. ನೀನು ಗಟ್ಟಿಮುಟ್ಟಾಗೇ ಇದ್ದೆ. ನೀನು ಬಿಪಿ ನೋಡಿದ ಏಳನೇ ಬೆಡ್ಡಿನ ಅಜ್ಜನ್ನ ಕೇಳು.”

ಔಷಧ ವಿಭಾಗದ ಮುರಳಿಗೆ ಇಷ್ಟು ಸಾಕಾಯಿತು. “ಮನುಷ್ಯರ ಫ್ಲೂ ವೈರಸ್ಸನ್ನ ಮೊದಲು ಹಿಡಿದದ್ದು 1933ರಲ್ಲಿ, ಲಂಡನ್ನಿನಲ್ಲಿ, ಫೆರೆಟ್ ಅನ್ನೋ ಮುಂಗುಸಿಯಂಥ ಪ್ರಾಣಿಗೆ ಅಂಟಿಸಿ. ಕೆಲವು ವರ್ಷದ ಮೇಲೆ ಅಂಥದೇ ಒಂದು ಫೆರೆಟ್ಟು ಸಂಶೋಧಕರ ಮುಖಕ್ಕೇ ಸೀನಿ ಜ್ವರ ವಾಪಸ್ ಕೊಡ್ತು.”

“ಅದರ ಹೆಸರೂ ಸೀನು ಅಂತಲೇ ಇರಬೇಕು,” ಅಂದೆ ನಾನು.

ಸೀನು ನಗಲಿಲ್ಲ. “ಹೋದ ವರ್ಷ ಲ್ಯಾಬಿನ ಹುಡುಗ ಚುಚ್ಚಿಸಿಕೊಂಡ, ಮಾರನೇ ದಿನವೇ ಹಾಸಿಗೆ ಹಿಡಿದ. ಅದಕ್ಕೇನಂತೀರಿ?”

“ಆ ಸೂಜೀಲಿ ಇರೋದು ಸತ್ತ ವೈರಸ್ಸು ಕಣೋ,” ಡಾಕ್ಟರ್ ವಸುಧಾ ಬಾಯಿ ಹಾಕಿದರು. “ಸತ್ತದ್ದು ಎದ್ದು ಬರೋಕೆ ಅದೇನು ಬೇತಾಳವಾ? ತೋಳು ನೋಯುತ್ತೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ರಕ್ಷಣೆ ಬರೋಕೆ ಎರಡು ವಾರ ಹಿಡಿಯುತ್ತೆ. ಅಷ್ಟರೊಳಗೆ ಬೇರೆಲ್ಲೋ ಅಂಟಿಸಿಕೊಂಡು ಬಂದು ಸೂಜಿ ಮೇಲೆ ಗೂಬೆ ಕೂರಿಸಿದ.”

“ಸರಿ, ಒಂದ್ಸಲ ಚುಚ್ಚಿಬಿಡಿ. ವರ್ಷಾ ವರ್ಷಾ ಯಾಕೆ?”

“ವೈರಸ್ಸು ವರ್ಷಾ ವರ್ಷಾ ವೇಷ ಬದಲಿಸುತ್ತಲ್ಲ! ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು ಕೂತು ಮುಂದಿನ ವೇಷ ಯಾವುದು ಅಂತ ಲೆಕ್ಕ ಹಾಕ್ತಾರೆ.”

“ಪಂಚಾಂಗ!”

“ಹೌದು, ತಪ್ಪಿದಾಗ ತಪ್ಪಿತು ಅಂತ ಅಂಕಿ ಸಮೇತ ಪ್ರಕಟಿಸೋ ಪಂಚಾಂಗ. ಬಿ-ಯಮಗಾಟ ಅನ್ನೋ ಫ್ಲೂ ವೈರಸ್ಸಿನ ಒಂದು ವಂಶವಂತೂ 2020ರ ಮಾರ್ಚ್ ಆದಮೇಲೆ ಪತ್ತೆಯೇ ಇಲ್ಲ. ನಾಲ್ಕು ತಳಿ ಇದ್ದ ಲಸಿಕೆ ಈಗ ಮೂರಕ್ಕೆ ಇಳಿದಿದೆ.”

“ಸಾಲಗಾರರಿಗೆ ಹೆದರಿ ತಲೆಮರೆಸಿಕೊಂಡಿರಬೇಕು,” ಅಂದ ಮುರಳಿ.

“ಅಷ್ಟೆಲ್ಲಾ ಮಾಡಿ ನೂರಕ್ಕೆ ಎಷ್ಟು ಕೆಲಸ ಮಾಡುತ್ತೆ?”

“ಲೆಕ್ಕ ಸರಿಹೋದ ವರ್ಷ 40ರಿಂದ 60.”

“ಬರೀ ಪಾಸ್ ಮಾರ್ಕ್ಸು!”

“ಫಾರ್ಮಕಾಲಜೀಲಿ ನೀನು ತಗೊಂಡದ್ದಕ್ಕಿಂತ ಜಾಸ್ತಿ.”

ಕಡ್ಡಾಯ ಮಾಡಿದರೆ ಹೇಗೆ ಅನ್ನೋ ಮಾತೂ ಬಂತು. ಅಮೆರಿಕದ ಸಿಯಾಟಲಿನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲೇ ಮಾಡಿ ನೋಡಿದೆ. ಲಸಿಕೆ ಹಾಕಿಸಿಕೊಂಡ ಸಿಬ್ಬಂದಿ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದದ್ದು ನೂರಕ್ಕೆ 97 ದಾಟಿತು, ಹಾಕಿಸದವರಿಗೆ ಮಾಸ್ಕು. “ಆ ಮಾಸ್ಕು ನಂಗಿರಲಿ,” ಅಂದ ಸೀನು. ವೈದ್ಯೋ ನಾರಾಯಣೋ ಹರಿಃ ಅನ್ನೋದೇನೋ ಸರಿ, ಹರಿಗೆ ಸೂಜಿ ಬೇಡ ಅಂತ ಯಾವ ಶ್ಲೋಕದಲ್ಲೂ ಇಲ್ಲವಲ್ಲ!

ನಾನು ತೆಪ್ಪಗಿದ್ದೆ. ಪಟ್ಟಿ ಅಂಟಿಸಿದ್ದು ನಾನೇ, ನನ್ನ ಹೆಸರೂ ಅದರಲ್ಲಿರಲಿಲ್ಲ. ಲಸಿಕೆ ಕೊಡೋದು ಆಚೆ ಕಟ್ಟಡದ ಮೂರನೇ ಮಹಡಿಯಲ್ಲಿ, ಮಧ್ಯಾಹ್ನ ಎರಡರಿಂದ ಮೂರರವರೆಗೆ. ಆ ಹೊತ್ತಿಗೆ ವಾರ್ಡ್ ಬಿಟ್ಟು ಕದಲೋದು ಯಾರಿಗೆ ಸಾಧ್ಯ? ಸುಳ್ಳು ಯಾಕೆ, ಸೋಮಾರಿತನವೂ ಇತ್ತು.

ಗಿರಿಜಾ ಸಿಸ್ಟರ್ ಎದ್ದು ಹೋದರು. ಬಂದಾಗ ಕೈಯಲ್ಲಿ ತಣ್ಣನೆ ಡಬ್ಬಿ, ಟ್ರೇ, ಹತ್ತಿ. “ಬೆಳಿಗ್ಗೆಯೇ ಕೇಳಿ ಇಸಕೊಂಡು ಬಂದಿದ್ದೆ. ನೀವು ಮೂರನೇ ಮಹಡಿ ಹತ್ತೋರಲ್ಲ ಅಂತ ಗೊತ್ತು. ಸಾಲಾಗಿ ಕೂರಿ.”

ಮೊದಲು ನಾನು, ಆಮೇಲೆ ಮುರಳಿ. ಡಾಕ್ಟರ್ ವಸುಧಾ ಕೂಡ ಸದ್ದಿಲ್ಲದೆ ತೋಳು ಮಡಿಸಿದರು. ಅವರೂ ಹಾಕಿಸಿಕೊಂಡಿರಲಿಲ್ಲ ಅಂತ ಆಗಲೇ ನಮಗೂ ಗೊತ್ತಾದದ್ದು. ದಿನಕ್ಕೆ ಐವತ್ತು ಜನಕ್ಕೆ ಸೂಜಿ ಚುಚ್ಚೋ ಸೀನು ಕಡೆಗೆ ಕೂತ. ಮುಖ ಗೋಡೆ ಕಡೆ, ಕಣ್ಣು ಬಿಗಿ, ಹಲ್ಲು ಕಚ್ಚಿ.

“ಇರುವೆ ಕಚ್ಚಿದ ಹಾಗೆ ಅಷ್ಟೇ ಅಂತ ದಿನಾ ನೀನೇ ಹೇಳ್ತೀಯಲ್ಲೋ.”

“ಅಯ್ಯಯ್ಯೋ... ಮುಗೀತಾ ಸಿಸ್ಟರ್?”

“ಇನ್ನೂ ಸ್ಪಿರಿಟ್ಟು ಹಚ್ಚುತ್ತಿದ್ದೀನಿ.”