‘ಮುಚ್ಚಿದ ಬಜಾರು’ ಸರಿಯೇ? ಮಾಡು ಇರುವ ಪೇಟೆಗೆ ಕನ್ನಡ ಪದ ಬೇಕಾಗಿದೆ

ಗೆಳೆಯರೇ,

ಒಂದು ಪದಕ್ಕೆ ನಿಮ್ಮ ನೆರವು ಬೇಕು. ಈಚೆಗೆ ಇರಾಕಿನ ಕುರ್ದಿಸ್ತಾನದ ಹೆವ್ಲೇರ್ ಊರಿಗೆ ಹೋಗಿ ಬಂದೆ. ನಮ್ಮ ಪತ್ರಿಕೆಗಳಲ್ಲಿ ಎರ್ಬಿಲ್ ಅಂತ ಬರುವುದು ಇದೇ ಊರು. ಕುರ್ದರ ಬಾಯಲ್ಲಿ ಮಾತ್ರ ಅದು ಹೆವ್ಲೇರ್. ಊರ ನಡುವೆ ದಿಬ್ಬದ ಮೇಲೆ ಹಳೆಯ ಕೋಟೆ ಇದೆ, 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಆ ದಿಬ್ಬದ ತೆಂಕು ಬುಡದಲ್ಲೇ ಹಳೆಯ ಬಜಾರು. ಹೆಸರು ಕೈಸರಿ.

ಪ್ರವಾಸದ ಬರಹದಲ್ಲಿ ಅದನ್ನು ‘ಮುಚ್ಚಿದ ಬಜಾರು’ ಅಂತ ಬರೆದಿದ್ದೆ. ಓದಿದ ನನ್ನ ತಂಗಿ ಕೇಳಿದಳು: “ಅಯ್ಯೋ, ಮುಚ್ಚಿತ್ತಾ ಅಕ್ಕಾ? ಅಷ್ಟು ದೂರ ಹೋಗಿ ನೋಡೋಕೇ ಆಗ್ಲಿಲ್ವಾ?”

ಅವಳು ಓದಿದ್ದು ಸರಿ. ನಾನು ಬರೆದದ್ದೇ ತಪ್ಪು. ಅಂಗಡಿ ಮುಚ್ಚಿದೆ ಅಂದರೆ ಕನ್ನಡದಲ್ಲಿ ಬಾಗಿಲು ಹಾಕಿದೆ ಎಂದೇ ಅರ್ಥ, ಅಲ್ವಾ? ನಾನು ಹೇಳಬೇಕಾಗಿದ್ದದ್ದು ಬೇರೆ. ಅಲ್ಲಿ ಅಂಗಡಿಗಳಿಗೆ ಮಾತ್ರವಲ್ಲ, ಅವುಗಳ ನಡುವಿನ ಓಣಿಗೇ ಮಾಡು, ಅಂದರೆ ಮೇಲು ಹೊದಿಕೆ, ಇದೆ. ಹಲವು ಕಡೆ ಬರೀ ತಗಡು. ತಗಡಿನ ಸಂದಿಯಿಂದ ಬಿಸಿಲು ಸಣ್ಣ ಗೆರೆಯಾಗಿ ಬಿದ್ದು, ಕೆಳಗೆ ಚೀಲದಲ್ಲಿಟ್ಟ ಅಕ್ರೋಟಿನ ಮೇಲೆ ನಿಂತಿತ್ತು. ಹೊರಗೆ ತಲೆ ಸುಡುವ ಬಿಸಿಲು, ಒಳಗೆ ಕಾಲಿಟ್ಟ ಕೂಡಲೇ ತಂಪು. ಒಂದು ತಿರುವಿನಲ್ಲಿ ಜೇನು ಮತ್ತು ಗಿಣ್ಣು, ಇನ್ನೊಂದರಲ್ಲಿ ಬಟ್ಟೆ, ಮುಂದೆ ಚಿನ್ನದ ಅಂಗಡಿಗಳ ಸಾಲು. ಬಿಳಿ ನೂಲಿನಲ್ಲಿ ಹೆಣೆದ ಕ್ಲಾಶ್ ಎನ್ನುವ ಕುರ್ದಿ ಮೆಟ್ಟು ಕೈಗೆತ್ತಿಕೊಂಡು ನೋಡಿದೆ. ಹಗುರ ಅಂದರೆ ಹಗುರ.

ಇದಕ್ಕೆ ಯಾವ ಪದ? ‘ಛಾವಣಿ ಬಜಾರು’ ಅಂತ ಬರೆದು ನೋಡಿದೆ. ಆದರೆ ಛಾವಣಿಗೆ ದಂಡು ಬೀಡುಬಿಟ್ಟ ಜಾಗ ಎಂಬ ಅರ್ಥವೂ ಇದೆ. ದಂಡಿನ ಪೇಟೆ ಅಂದುಕೊಳ್ಳುವವರು ಇರುತ್ತಾರೆ. ‘ಚಪ್ಪರದ ಬಜಾರು’ ಅಂದರೆ ಮದುವೆ ಮುಗಿದ ಮಾರನೇ ದಿನ ಬಿಚ್ಚುವಂಥದ್ದು ಅನ್ನಿಸುತ್ತದೆ. ‘ಸೂರು’ ಒಳ್ಳೆಯ ಪದ. ಆದರೆ ‘ಎಲ್ಲವೂ ಒಂದೇ ಸೂರಿನಡಿ’ ಅಂತ ಮಾಲ್‌ಗಳ ಜಾಹೀರಾತಿನಲ್ಲಿ ಓದಿ ಓದಿ ನನಗೆ ಅದು ಬೇಡವಾಗಿದೆ.

ಹಂಪಿಯ ‘ಸಾಲುಮಂಟಪ’ ಕೂಡ ನೆನಪಾಯಿತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಬಜಾರುಗಳನ್ನು ಬಾಯ್ತುಂಬ ಹೊಗಳಿದ್ದಾನೆ. ಆದರೆ ವಿರೂಪಾಕ್ಷ ಬಜಾರಿನಲ್ಲಿ ಮಾಡು ಇರುವುದು ಎರಡೂ ಬದಿಯ ಕಂಬಸಾಲಿಗೆ. ನಡುವಿನ ಬೀದಿಗೆ ಆಕಾಶವೇ ಮಾಡು. ಹೆವ್ಲೇರಿನದು ಹಾಗಲ್ಲ. ಈ ವ್ಯತ್ಯಾಸವನ್ನು ಪದ ಬಿಟ್ಟುಕೊಡಬಾರದು ಅನ್ನುವುದು ನನ್ನ ಆಸೆ.

ಸದ್ಯಕ್ಕೆ ನನ್ನ ಒಲವು ‘ಮಾಡಿನ ಪೇಟೆ’ ಕಡೆಗೆ. ನಮ್ಮ ಸಾಗರದ ಕಡೆ ಹಂಚಿನ ಮಾಡು, ಸೋಗೆ ಮಾಡು ಅನ್ನುವುದು ದಿನದ ಮಾತು. ಬಯಲುಸೀಮೆಯವರಿಗೆ ಇದು ತಟ್ಟನೆ ಹೊಳೆಯುತ್ತದಾ? ಅದನ್ನು ನೀವೇ ಹೇಳಬೇಕು.

ಇನ್ನು ‘ಕೈಸರಿ’ ಎಂಬ ಹೆಸರು. ನನ್ನ ಜೊತೆ ಬಂದಿದ್ದವರೊಬ್ಬರು ಫೋಟೊ ಕೆಳಗೆ ‘ಕೇಸರಿ ಬಜಾರ್’ ಅಂತ ಬರೆದು ಹಾಕಿದ್ದಾರೆ. ಕೇಸರಿಗೂ ಇದಕ್ಕೂ ಸಂಬಂಧ ಇಲ್ಲ. ರೋಮಿನ ಸೀಸರ್ ಗ್ರೀಕರ ಬಾಯಲ್ಲಿ ಕೈಸರ್ ಆದ. ಅವನಿಗೆ, ಅಂದರೆ ದೊರೆಗೆ, ಸೇರಿದ ಮಾರುಕಟ್ಟೆ ಎಂಬ ಅರ್ಥದಲ್ಲಿ ಅರಬಿಯ ‘ಕೈಸರಿಯ್ಯ’ ಬಂತು. ಈ ಪದ ಎಷ್ಟು ದೂರ ನಡೆದಿದೆ ನೋಡಿ. ಮೊರಾಕೊದ ಫೆಸ್ ಊರಿನಲ್ಲಿ ಕಿಸಾರಿಯ, ಸ್ಪೇನಿನ ಗ್ರಾನಡದಲ್ಲಿ ಅಲ್ಕೈಸೆರಿಯ, ಇರಾನಿನ ಇಸ್ಫಹಾನಿನಲ್ಲಿ ಬಜಾರಿನ ಹೆಬ್ಬಾಗಿಲಿಗೇ ಆ ಹೆಸರು. ಹೆವ್ಲೇರಿನ ಪಕ್ಕದ ಕಿರ್ಕುಕ್‌ನಲ್ಲೂ ಒಂದು ಕೈಸರಿ ಇದೆ.

ಬರೆಯುವಾಗ ‘ಕ’ವೋ ‘ಖ’ವೋ? ಕಾನೂನು, ಕಲಮು, ಕೈದಿ ಇವುಗಳ ಮೊದಲ ಅಕ್ಷರವೂ ಅರಬಿಯಲ್ಲಿ ಇದೇ. ‘ಖೈದಿ’ ಅಂತ ಬರೆಯುವವರಿದ್ದರೂ ನನಗೆ ‘ಕ’ ಸಾಕು.

ಒಂದು ವಿಷಯ ಮಾತ್ರ ನನ್ನನ್ನು ಮತ್ತೆ ಯೋಚನೆಗೆ ಹಚ್ಚಿದೆ. ಹಿಂದೆ ಕೈಸರಿ ಅಂದರೆ ಬಟ್ಟೆ, ಚಿನ್ನದಂಥ ಬೆಲೆಬಾಳುವ ಸರಕಿನ ಜಾಗ. ರಾತ್ರಿ ಅದರ ಬಾಗಿಲುಗಳಿಗೆ ಬೀಗ ಬೀಳುತ್ತಿತ್ತು. ಹಾಗಾದರೆ ಈ ಪದದ ತಿರುಳು ಮಾಡೋ, ಬಾಗಿಲೋ? ಬಾಗಿಲೇ ಮುಖ್ಯ ಅನ್ನುವುದಾದರೆ ಕೈಸರಿಯನ್ನು ಕೈಸರಿ ಎಂದೇ ಉಳಿಸಿಕೊಳ್ಳಬೇಕು. ‘ಮಾಡಿನ ಪೇಟೆ’ ಅನ್ನುವುದು ಓದುವವರ ಕಣ್ಣಿಗೆ ಚಿತ್ರ ಕಟ್ಟಲು ಒಮ್ಮೆ ಬಂದರೆ ಸಾಕು. ನನ್ನ ಬರಹದಲ್ಲಿ ಈಗ ಹೀಗೇ ತಿದ್ದಿದ್ದೇನೆ.

ಪರಕೀಯ ಅನ್ನಿಸುತ್ತದೆ ಎನ್ನುವವರಿಗೆ ಒಂದು ಮಾತು. ಅಲ್ಲಿ ಅಂಗಡಿಗೆ ದುಕಾನ್ ಅನ್ನುತ್ತಾರೆ, ನಮ್ಮ ಬಡಗಣ ಜಿಲ್ಲೆಗಳವರು ಅನ್ನುವ ಹಾಗೆಯೇ. ಓಣಿಯ ಕೊನೆಯಲ್ಲಿ ಒಬ್ಬರು ಮಂಜುಗಡ್ಡೆ ಹಾಕಿದ ಮಸ್ತಾವ್ ಕೊಟ್ಟರು. ಮಸ್ತ್ ಅಂದರೆ ಮೊಸರು, ಆವ್ ಅಂದರೆ ನೀರು. ನಮ್ಮ ನೀರುಮಜ್ಜಿಗೆಯೇ, ಸ್ವಲ್ಪ ಉಪ್ಪು ಜಾಸ್ತಿ. ಕುರ್ದಿಯ ಆ ಆವ್ ಪಾರಸಿಯಲ್ಲಿ ಆಬ್. ನಮ್ಮ ‘ಅಬಕಾರಿ’ಯಲ್ಲಿ ಇರುವುದು ಅದೇ ನೀರು.

ಮೈಸೂರಿನವರಿಗೆ ಒಂದು ಕೋರಿಕೆ. ದೇವರಾಜ ಮಾರುಕಟ್ಟೆಯ ಒಳಗೆ, ಮಾಡಿನ ಕೆಳಗಿನ ಸಾಲುಗಳಿಗೆ ಅಲ್ಲೇ ಹೂವು, ಅರಿಸಿನ ಮಾರುವ ಹಿರಿಯರು ಏನನ್ನುತ್ತಾರೆ? ಸುಮ್ನೆ ಊಹೆ ಬೇಡ, ಕೇಳಿಕೊಂಡು ಬಂದು ಬರೆಯಿರಿ. ನನ್ನದಕ್ಕಿಂತ ಒಳ್ಳೆಯ ಪದ ಅಲ್ಲಿ ಸಿಕ್ಕರೆ ‘ಮಾಡಿನ ಪೇಟೆ’ಯನ್ನು ಸಂತೋಷದಿಂದ ಬಿಡುತ್ತೇನೆ.