ಕಾಕಂಬಿಯ ಹುದುಗುವಿಕೆ: ಯೀಸ್ಟ್ ತುಂಬಿದ ಆಲ್ಜಿನೇಟ್ ಮಣಿಗಳು ಮೆತ್ತಗಾಗಿ ತೇಲುತ್ತಿವೆ

ಪ್ರಶ್ನೆ:

ಕಬ್ಬಿನ ಕಾಕಂಬಿಯಿಂದ ಇಂಧನ ಎಥೆನಾಲ್ ತಯಾರಿಸುವ ಪ್ರಯೋಗಕ್ಕಾಗಿ ಯೀಸ್ಟನ್ನು ಕ್ಯಾಲ್ಸಿಯಂ ಆಲ್ಜಿನೇಟ್ (ಕಡಲಕಳೆಯಿಂದ ಪಡೆದ ಜೆಲ್) ಮಣಿಗಳೊಳಗೆ ಹಿಡಿದಿಟ್ಟು, ಅವನ್ನು ಉದ್ದನೆಯ ಗಾಜಿನ ಕೊಳವೆಯಲ್ಲಿ ತುಂಬಿ, ನೀರು ಬೆರೆಸಿದ ಕಾಕಂಬಿಯನ್ನು ಕೆಳಗಿನಿಂದ ಮೇಲಕ್ಕೆ ನಿರಂತರವಾಗಿ ಹರಿಸುತ್ತಿದ್ದೇನೆ. ಆಲ್ಜಿನೇಟ್ ಶೇ 3, ಮಣಿಯ ವ್ಯಾಸ ಸುಮಾರು 4 ಮಿ.ಮೀ., ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಪಿಎಚ್ 4.5. ಪೋಷಕವಾಗಿ ಡೈಅಮೋನಿಯಂ ಫಾಸ್ಫೇಟ್ ಸೇರಿಸುತ್ತಿದ್ದೇನೆ. ಆರಂಭದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆದರೆ ಕೆಲವೇ ದಿನಗಳಲ್ಲಿ ಮಣಿಗಳು ಉಬ್ಬಿ ಮೆತ್ತಗಾಗುತ್ತವೆ, ಬಹುಪಾಲು ಮೇಲಕ್ಕೆ ತೇಲಿ ಒತ್ತೊತ್ತಾಗಿ ಸಿಕ್ಕಿಕೊಳ್ಳುತ್ತವೆ, ಹೊರಬರುವ ದ್ರವ ಬಗ್ಗಡವಾಗುತ್ತದೆ ಮತ್ತು ಅದರಲ್ಲಿ ಸಕ್ಕರೆ ಉಳಿದಿರುತ್ತದೆ. ದೋಷ ಯೀಸ್ಟಿನದೋ, ಆಲ್ಜಿನೇಟಿನದೋ?

ಉತ್ತರ:

ನೀವು ಹೇಳಿದ ಲಕ್ಷಣಗಳಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತಿವೆ. ಮೆತ್ತಗಾಗುವುದಕ್ಕೆ ಕಾರಣ ರಾಸಾಯನಿಕವಾದದ್ದು. ತೇಲುವುದಕ್ಕೆ ಕಾರಣ ಅನಿಲ. ಇವನ್ನು ಒಂದೇ ಎಂದು ತಿಳಿದು ಮದ್ದು ಹುಡುಕಿದರೆ ಎರಡೂ ಉಳಿದುಕೊಳ್ಳುತ್ತವೆ.

ಆಲ್ಜಿನೇಟ್ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕಿರುವುದು ಕ್ಯಾಲ್ಸಿಯಂ ಅಯಾನುಗಳು. ಫಾಸ್ಫೇಟ್ ಮತ್ತು ಸಿಟ್ರೇಟ್ ಈ ಕ್ಯಾಲ್ಸಿಯಮನ್ನು ಸೆಳೆದುಕೊಳ್ಳುತ್ತವೆ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಹೆಚ್ಚಾದಾಗ ಅದರ ಜಾಗವನ್ನು ತಾವು ಆಕ್ರಮಿಸುತ್ತವೆ. ಕಾಕಂಬಿಯಲ್ಲಿ ಪೊಟ್ಯಾಸಿಯಂ ಮೊದಲೇ ಹೇರಳವಾಗಿರುತ್ತದೆ, ಅದರ ಮೇಲೆ ನೀವು ಫಾಸ್ಫೇಟನ್ನೂ ಹಾಕುತ್ತಿದ್ದೀರಿ. ನಿರಂತರ ಹರಿವಿನಲ್ಲಿ ಮಣಿಯಿಂದ ಕಳಚಿದ ಕ್ಯಾಲ್ಸಿಯಂ ದ್ರವದೊಂದಿಗೆ ಹೊರಗೆ ಹೋಗಿಬಿಡುವುದರಿಂದ ಅದು ಮರಳಿ ಸೇರುವ ಅವಕಾಶವೂ ಇಲ್ಲ.

ಖಚಿತಪಡಿಸಿಕೊಳ್ಳಲು, ಮೆತ್ತಗಾದ ಹತ್ತಾರು ಮಣಿಗಳನ್ನು ತೆಗೆದು ತೊಳೆದು, ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕೆಲವು ಗಂಟೆ ಬಿಡಿ. ಬೆರಳುಗಳ ನಡುವೆ ಒತ್ತಿದಾಗ ಮತ್ತೆ ಪುಟಿಯುವಂತಾದರೆ ಕ್ಯಾಲ್ಸಿಯಂ ನಷ್ಟವೇ ಕಾರಣ. ಹಾಗಾಗದೆ ಮೆತ್ತಗೆಯೇ ಉಳಿದರೆ ಆಲ್ಜಿನೇಟನ್ನು ಸಂಶಯಿಸಿ: ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿಗೊಳಿಸಿದ) ಆಲ್ಜಿನೇಟಿನ ಸರಪಳಿಗಳು ತುಂಡಾಗಿ ಜೆಲ್ ದುರ್ಬಲವಾಗುವುದುಂಟು. ಹಾಗೆಯೇ ತೇಲುತ್ತಿರುವ ಒಂದು ಮಣಿಯನ್ನು ಬ್ಲೇಡಿನಿಂದ ಎರಡಾಗಿ ಸೀಳಿ ನೋಡಿ.

ಪ್ರಶ್ನೆ ಕೇಳಿದವರು:

ಕ್ಯಾಲ್ಸಿಯಂ ಕ್ಲೋರೈಡಿನಲ್ಲಿಟ್ಟ ಮಣಿಗಳು ಮತ್ತೆ ಗಟ್ಟಿಯಾದವು. ಸೀಳಿದ ಮಣಿಯ ಅಂಚಿನಲ್ಲಿ ಯೀಸ್ಟ್ ದಟ್ಟವಾದ ಬಿಳಿಯ ಪದರವಾಗಿ ಬೆಳೆದಿದೆ. ಮಧ್ಯಭಾಗ ಅರೆಪಾರದರ್ಶಕವಾಗಿದ್ದು, ಅಲ್ಲಿ ಟೊಳ್ಳಾದ ಒಂದು ಪೊಟರೆ ಕಾಣುತ್ತದೆ. ಹಾಗಾದರೆ ಫಾಸ್ಫೇಟನ್ನು ಸಂಪೂರ್ಣವಾಗಿ ಕೈಬಿಡಬೇಕೇ?

ಇನ್ನೊಬ್ಬ ಸದಸ್ಯರು:

ಹರಿಯುವ ದ್ರವದಿಂದ ಕೈಬಿಡಿ, ಯೀಸ್ಟಿನ ಆಹಾರದಿಂದ ಬೇಡ. ಮಣಿ ಕಟ್ಟುವ ಮೊದಲು ಯೀಸ್ಟನ್ನು ಬೆಳೆಸುವ ಹಂತದಲ್ಲಿಯೇ ಫಾಸ್ಫೇಟನ್ನು ಧಾರಾಳವಾಗಿ ಕೊಟ್ಟರೆ, ಜೀವಕೋಶಗಳು ಅದನ್ನು ಪಾಲಿಫಾಸ್ಫೇಟ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಆಮೇಲೆ ಸಾರಜನಕಕ್ಕೆ ಸ್ವಲ್ಪ ಯೂರಿಯಾ ಸಾಕು. ಅದನ್ನೂ ಮಿತವಾಗಿಯೇ ಕೊಡಿ, ಏಕೆಂದರೆ ಸಾರಜನಕ ಹೆಚ್ಚಾದಷ್ಟೂ ಅಂಚಿನ ಪದರ ದಪ್ಪವಾಗಿ, ಮಣಿಯ ಮೇಲ್ಮೈಯಿಂದ ಯೀಸ್ಟ್ ಉದುರಿ, ದ್ರವ ಬಗ್ಗಡವಾಗುತ್ತದೆ. ಜೊತೆಗೆ ಹರಿಸುವ ದ್ರಾವಣಕ್ಕೆ ಲೀಟರಿಗೆ 1 ಗ್ರಾಂನಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ. ಬಗ್ಗಡವೆಲ್ಲವೂ ಯೀಸ್ಟೇ ಎಂದು ಭಾವಿಸದೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಳ್ಳೆಯದು. ಸಣ್ಣ ಕಡ್ಡಿಯಾಕಾರದ ಜೀವಿಗಳು ತುಂಬಿದ್ದು, ಪಿಎಚ್ ಕೂಡ ಇಳಿಯುತ್ತಿದ್ದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದೇ ತಿಳಿಯಿರಿ.

ಮೊದಲು ಉತ್ತರಿಸಿದವರು:

ಮೇಲಿನ ತಿದ್ದುಪಡಿಯನ್ನು ಒಪ್ಪುತ್ತೇನೆ. ಇನ್ನು ಆ ಪೊಟರೆಯ ವಿಷಯ. 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಎಥೆನಾಲಿನೊಂದಿಗೆ 88 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಲೀಟರಿಗೆ 150 ಗ್ರಾಂ ಸಕ್ಕರೆಯಿರುವ ಒಂದು ಲೀಟರ್ ದ್ರಾವಣ ನಿಮ್ಮ ಕೊಳವೆಯನ್ನು ದಾಟುವಷ್ಟರಲ್ಲಿ, 30 ಡಿಗ್ರಿಯಲ್ಲಿ, ಸುಮಾರು 40 ಲೀಟರ್ ಅನಿಲ ಹೊರಬೀಳಬೇಕು. ಕಿರಿದಾದ ಉದ್ದ ಕೊಳವೆಯಲ್ಲಿ ಇಷ್ಟು ಅನಿಲಕ್ಕೆ ಸಲೀಸಾದ ದಾರಿಯಿಲ್ಲ. ಅದು ಮಣಿಗಳನ್ನು ಮೇಲಕ್ಕೆ ತಳ್ಳುತ್ತದೆ, ಮಣಿಯೊಳಗೂ ಗುಳ್ಳೆಯಾಗಿ ನಿಲ್ಲುತ್ತದೆ. ದ್ರವವಾದರೋ ಸಿಕ್ಕ ಸಂದಿಯಲ್ಲೇ ನುಸುಳಿ ಹೋಗುವುದರಿಂದ ಎಷ್ಟೋ ಮಣಿಗಳಿಗೆ ಸಕ್ಕರೆ ತಲುಪುವುದೇ ಇಲ್ಲ. ಯೀಸ್ಟ್ ಬದುಕಿದ್ದರೂ ಸಕ್ಕರೆ ಉಳಿಯುವುದಕ್ಕೆ ಇದೇ ಕಾರಣವಿರಬಹುದು.

ಆದ್ದರಿಂದ ಒಂದು ಉದ್ದ ಕೊಳವೆಯ ಬದಲು ಗಿಡ್ಡವಾದ ಎರಡು ಮೂರು ಕೊಳವೆಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ತಲೆಯಲ್ಲೂ ಅನಿಲ ಹೊರಹೋಗುವ ಕಿಂಡಿ ಬಿಡಿ. ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ಕೊಳವೆ ಸಿಕ್ಕರೆ ಇನ್ನೂ ಉತ್ತಮ. ಮಣಿಗಳನ್ನು ಇಡುಕಿರಿದು ತುಂಬದೆ ಅಲುಗಾಡಲು ಜಾಗ ಬಿಡಿ, ವ್ಯಾಸವನ್ನು 2 ಮಿ.ಮೀ. ಆಸುಪಾಸಿಗೆ ಇಳಿಸಿ; ಆಗ ಒಳಗಿನ ಯೀಸ್ಟಿಗೆ ಸಕ್ಕರೆ ಬೇಗ ತಲುಪುತ್ತದೆ, ಅನಿಲವೂ ಬೇಗ ಹೊರಬರುತ್ತದೆ. ಮುಚ್ಚಿದ ಕೋಣೆಯಾದರೆ ಅನಿಲದ ನಳಿಕೆಯನ್ನು ಕಡ್ಡಾಯವಾಗಿ ಹೊರಗೆ ಹಾಯಿಸಿ.

ಪ್ರಶ್ನೆ ಕೇಳಿದವರು:

ಯೂರಿಯಾ ಮತ್ತು ಕ್ಯಾಲ್ಸಿಯಂ ಕ್ಲೋರೈಡಿಗೆ ಬದಲಾಯಿಸಿದ ಮೇಲೆ ಮಣಿಗಳು ಗಟ್ಟಿಯಾಗಿಯೇ ಇವೆ. ಕೊಳವೆಯನ್ನು ಮೂರಾಗಿ ವಿಭಜಿಸಿದ್ದರಿಂದ ತೇಲುವಿಕೆ ಬಹಳಷ್ಟು ತಗ್ಗಿದೆ. ಆದರೆ ಹರಿವನ್ನು ಎಷ್ಟೇ ನಿಧಾನಗೊಳಿಸಿದರೂ ಫೆಹ್ಲಿಂಗ್ ಪರೀಕ್ಷೆಯಲ್ಲಿ (ತಾಮ್ರದ ದ್ರಾವಣದಿಂದ ಸಕ್ಕರೆ ಪತ್ತೆಹಚ್ಚುವ ವಿಧಾನ) ಸ್ವಲ್ಪ ಸಕ್ಕರೆ ಕಾಣಿಸುತ್ತಲೇ ಇದೆ.

ಮೊದಲು ಉತ್ತರಿಸಿದವರು:

ಕಾಕಂಬಿಯಲ್ಲಿ ಯೀಸ್ಟ್ ಹುದುಗಿಸಲಾರದ ಅಪಕರ್ಷಕ (ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುವ) ವಸ್ತುಗಳಿರುತ್ತವೆ, ಫೆಹ್ಲಿಂಗ್ ದ್ರಾವಣ ಅವನ್ನೂ ಸಕ್ಕರೆಯೆಂದೇ ತೋರಿಸುತ್ತದೆ. ಅದೇ ಕಾಕಂಬಿಯ ಸ್ವಲ್ಪ ಭಾಗವನ್ನು ಬಾಟಲಿಯಲ್ಲಿ ಸಾಕಷ್ಟು ಯೀಸ್ಟ್ ಹಾಕಿ, ಗುಳ್ಳೆ ಪೂರ್ತಿ ನಿಲ್ಲುವವರೆಗೆ ಹುದುಗಿಸಿ ಅಳೆಯಿರಿ. ಅಲ್ಲಿ ಉಳಿಯುವ ಪ್ರಮಾಣವನ್ನೇ ನಿಮ್ಮ ಸೊನ್ನೆಯೆಂದು ಇಟ್ಟುಕೊಂಡು, ಅದಕ್ಕೂ ಮೇಲಿರುವುದನ್ನು ಮಾತ್ರ ಹರಿವಿನ ವೇಗ ಹೊಂದಿಸಿ ಇಳಿಸಬೇಕು.